ಬೋಗಿಯಲ್ಲಿ ಯಾರಿದ್ದೀರಿ?

ಜುವೇರಾತ್
೪ ಫೆಬ್ರವರಿ ೧೯೮೮

ತಂಗಿ ತೆಕ್ಬೆರ್‌ಗೆ ಅಣ್ಣ ಇಸೆಲ್ಮುವಿನ ಸಲಾಮು. ನೀನು ಹೇಗಿದ್ದೀಯ, ಮಗು ಹೇಗಿದೆ, ಭಾವ ಹೇಗಿದ್ದಾರೆ, ನಿಮ್ಮ ಕಡಲು ಹೇಗಿದೆ, ಗಾಳಿ ಹೇಗಿದೆ ಎಂದೆಲ್ಲ ನಾನು ಸಾಲಾಗಿ ಕೇಳಿದೆ ಎಂದುಕೋ. ಎಲ್ಲಕ್ಕೂ ನೀನು ‘ಒಳ್ಳೆಯದೇ’ ಎಂದೆ ಎಂದುಕೊಂಡು ನಾನು ವಿಷಯಕ್ಕೆ ಬರುತ್ತೇನೆ.

ಅಪ್ಪ ನಿನ್ನ ಮನೆಗೆ ಬರುತ್ತಾರಂತೆ. ನಿನ್ನ ಮಗಳಿಗೆ ಅಮ್ಮನ ಹೆಸರಿಟ್ಟಿರುವ ಸುದ್ದಿ ತಿಳಿದಾಗಿನಿಂದ ಡೇರೆಯಲ್ಲಿ ಕೂತಲ್ಲಿ ಕೂರುತ್ತಿಲ್ಲ. “ಆರು ತಿಂಗಳ ನೆನ್ನಾ ಒಬ್ಳು ಸಮುದ್ರದ ದಂಡೇಲಿ ಇದಾಳೆ, ನಾನು ನೋಡೇ ಇಲ್ಲ” ಎಂದು ಒಂಟೆಗಳಿಗೂ ಹೇಳಿ ಮುಗಿಸಿದ್ದಾರೆ.

ಪ್ಯಾಸೆಂಜರ್ ಬೋಗಿಯಲ್ಲಿ ಬಾ ಎಂದರೆ ಒಪ್ಪುತ್ತಿಲ್ಲ. ಮುಚ್ಚಿದ ಪೆಟ್ಟಿಗೆಯಲ್ಲಿ ಆಕಾಶ ಕಾಣದೆ ಕೂತು ಹೋಗುವುದು ಹೆಣಗಳ ಕೆಲಸವಂತೆ. ಎಲ್ಲರ ಹಾಗೆ ಗಣಿಯ ರೈಲಿನ ತೆರೆದ ಬೋಗಿಯಲ್ಲಿ, ಕಬ್ಬಿಣದ ಅದಿರಿನ ಮೇಲೆ ಕೂತು ಬರುತ್ತಾರಂತೆ. ಅದರಲ್ಲೂ ತಮಾಷೆ ನೋಡು. ಗಣಿ ಎಂದರೆ ಅವರಿಗೆ ಆಗುವುದಿಲ್ಲ. ಮೊನ್ನೆಯೂ ಡೇರೆಯ ಬಾಗಿಲಲ್ಲಿ ನಿಂತು ಕೆದಿಯಾ ಗುಡ್ಡವನ್ನು ತೋರಿಸಿ, ಹುಡುಗನಾಗಿದ್ದಾಗ ಉಪ್ಪಿನ ಒಂಟೆಗಳ ಜೊತೆ ಬರುವಾಗ ನಾಲ್ಕು ದಿನದ ದಾರಿಯಿಂದಲೇ ಅದರ ನೆತ್ತಿ ಕಾಣುತ್ತಿತ್ತು, ಅದನ್ನು ನೋಡಿಕೊಂಡೇ ಮನೆ ಸೇರುತ್ತಿದ್ದೆ, ಈಗ ನೀವು ಅದನ್ನು ಕೊರೆದು ಕೊರೆದು ಹಡಗಿಗೆ ತುಂಬಿಬಿಟ್ಟಿರಿ ಎಂದು ನನ್ನನ್ನೇ ಬೈದರು. ಗುಡ್ಡ ಕೊರೆಯುವ ಯಂತ್ರದ ಮೇಲೆ ಕೂರುವವನು ನಾನೇ ತಾನೆ. ನಿಮ್ಮ ಕೈಯಲ್ಲಿರುವ ಕೆಟಲು, ಡೇರೆ ಹೊಲಿಯುವ ಸೂಜಿ, ಬಾವಿಯ ರಾಟೆ ಇವೆಲ್ಲ ಯಾವುದೋ ಒಂದು ಗುಡ್ಡದಿಂದಲೇ ಬಂದದ್ದು ಎಂದೆ. “ಬೇರೆಯವ್ರ ಗುಡ್ಡ ಆಗಿದ್ರೆ ನಂಗೇನು” ಎಂದರು. ಮಾತು ಅಲ್ಲಿಗೇ ಮುಗಿಯಿತು, ಏಕೆಂದರೆ ಹೊರಗೆ ರೈಲಿನ ನೀರಿನ ಟ್ಯಾಂಕು ಬಂದಿತ್ತು, ಒಂಟೆಗಳಿಗೆ ನೀರು ಹಿಡಿಯಲು ಅವರೇ ಎಲ್ಲರಿಗಿಂತ ಮೊದಲು ಓಡಿದರು.

ಹೊರಡುವ ದಿನವನ್ನು ಮುಂದಿನ ಕಾಗದದಲ್ಲಿ ತಿಳಿಸುತ್ತೇನೆ. ಬಂದರಿಗಿಂತ ಮುಂಚೆ ಸಿಗುವ ನಿಮ್ಮ ಊರಿನ ನಿಲುಗಡೆಯಲ್ಲಿ ಅವರನ್ನು ಇಳಿಸಿಕೊಳ್ಳಲು ಯಾರನ್ನಾದರೂ ಗೊತ್ತುಮಾಡು. ಭಾವನನ್ನಲ್ಲ, ನಮ್ಮಲ್ಲಿ ಮಾವ ಅಳಿಯ ಒಬ್ಬರ ಮುಖ ಒಬ್ಬರು ನೋಡುವ ಹಾಗಿಲ್ಲ ಎಂದು ನಿನಗೆ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಭಾವ ಎಲ್ಲಿಗೆ ಓಡಿಹೋಗುತ್ತಾರೋ ಹೋಗಲಿ, ಹಾಸಿಗೆ ಕಟ್ಟಿಡಲಿ.

ನಿನ್ನ ಅಣ್ಣ,
ಇಸೆಲ್ಮು


ನುವಾದಿಬು
೧೧ ಫೆಬ್ರವರಿ ೧೯೮೮

ಪ್ರೀತಿಯ ಅಣ್ಣನಿಗೆ,

ನಿನ್ನ ಸಲಾಮು ತಲುಪಿತು. ಎಲ್ಲಕ್ಕೂ ‘ಒಳ್ಳೆಯದೇ’.

ಅಪ್ಪ ಬರುತ್ತಾರೆಂದು ಓದಿದೊಡನೆ ಮಾಡಿದ ಮೊದಲ ಕೆಲಸವೆಂದರೆ ತಗಡಿನ ಮೇಲೆ ಒಣಗಲು ಹಾಕಿದ್ದ ಮೀನನ್ನೆಲ್ಲ ಪಕ್ಕದ ಮನೆಗೆ ಸಾಗಿಸಿದ್ದು. ಅಪ್ಪನ ಮಗಳು ಮೀನು ತಿನ್ನುತ್ತಾಳೆಂದು ಗೊತ್ತಾದರೆ ಅದೇ ರೈಲಿನಲ್ಲಿ ಹಿಂದಕ್ಕೆ ಹೊರಟುಬಿಟ್ಟಾರು. ಎರಡನೆಯ ಕೆಲಸ, ಇವರ ಹಾಸಿಗೆ ಕಟ್ಟಿಟ್ಟದ್ದು. ಮಾವ ಇರುವಷ್ಟು ದಿನ ದೆಂಬಾನ ಮನೆಯಲ್ಲಿ ಮಲಗುತ್ತಾರೆ. ದೆಂಬಾ ಬಂದರಿನಲ್ಲಿ ಇವರ ಜೊತೆ ಕೆಲಸ ಮಾಡುವವನು, ದಕ್ಷಿಣದ ನದಿಯ ಕಡೆಯವನು. ನಮ್ಮ ಪದ್ಧತಿ ಕಂಡರೆ ಅವನಿಗೆ ನಗು. “ನೀವು ಮರುಭೂಮಿಯವ್ರು ಹಾವು ಹಿಡೀತೀರ, ಮಾವನ್ನ ಕಂಡ್ರೆ ಮಾತ್ರ ಓಡೋಗ್ತೀರ” ಎಂದು ದಿನಾ ಕೆಣಕುತ್ತಾನೆ. ಅವನೇ ಅಪ್ಪನನ್ನು ಇಳಿಸಿಕೊಳ್ಳುತ್ತಾನೆ.

ಒಂದು ವಿಷಯ ಕೇಳಬೇಕು. ಮದುವೆಯ ಹೊತ್ತಿಗೆ ಇವರ ಕೆಲಸದ ಬಗ್ಗೆ ಅಪ್ಪನಿಗೆ ಏನು ಹೇಳಿದ್ದೆ? ಇವರು ನಾಲ್ಕು ದಿನದಿಂದ ಕೈ ಉಜ್ಜಿ ಉಜ್ಜಿ ತೊಳೆಯುತ್ತಿದ್ದಾರೆ, ಉಗುರಿಗೆ ಹಿಡಿದ ಅದಿರಿನ ಕೆಂಪು ಹೋಗುತ್ತಿಲ್ಲ. ಕೇಳಿದರೆ, ನಿನ್ನಣ್ಣ ನನ್ನನ್ನು ದೊಡ್ಡ ಅಧಿಕಾರಿ ಮಾಡಿಬಿಟ್ಟಿದ್ದಾನೆ, ಮಾವನಿಗೆ ಎಲ್ಲಾದರೂ ನಾನು ಕಣ್ಣಿಗೆ ಬಿದ್ದರೆ ಏನು ಗತಿ ಎನ್ನುತ್ತಾರೆ.

ಇವರು ಮಾಡುವುದೇನು ಎಂದು ನಿನಗೂ ಸರಿಯಾಗಿ ಗೊತ್ತಿರಲಾರದು. ಬೆಳಿಗ್ಗೆ ಬಂದು ನಿಂತ ರೈಲಿನ ಪಕ್ಕದಲ್ಲಿ ಈ ತುದಿಯಿಂದ ಆ ತುದಿಗೆ ನಡೆಯುವುದು. ಎರಡು ಕಿಲೋಮೀಟರ್ ಆಗುತ್ತದೆ. ಪ್ರತಿ ಬೋಗಿಯ ಹತ್ತಿರ ನಿಂತು ‘ಬೋಗಿಯಲ್ಲಿ ಯಾರಿದ್ದೀರಿ?’ ಎಂದು ಮೂರು ಸಲ ಕೂಗಬೇಕು. ಆಮೇಲೆ ಏಣಿ ಹತ್ತಿ ಇಣುಕಿ ನೋಡಬೇಕು. ಯಾರೂ ಇಲ್ಲದಿದ್ದರೆ ಇಳಿದು ಹಸಿರು ಬಾವುಟ ಎತ್ತಬೇಕು. ಆಗ ಮೇಲಿನ ಗಾಜಿನ ಕೋಣೆಯಲ್ಲಿರುವವನು ಬೋಗಿಯನ್ನು ಯಂತ್ರದೊಳಕ್ಕೆ ಎಳೆಯುತ್ತಾನೆ. ಯಂತ್ರ ಬೋಗಿಯನ್ನು ತಲೆಕೆಳಗು ಮಾಡುತ್ತದೆ, ಅದಿರು ಕೆಳಗಿನ ಗುಂಡಿಗೆ ಬೀಳುತ್ತದೆ, ಅಲ್ಲಿಂದ ಹಡಗಿಗೆ. ಏನಾದರೂ ಎಡವಟ್ಟಾದರೆ ಎಳೆಯಲು ಹಳಿಯ ಉದ್ದಕ್ಕೂ ಒಂದು ಕೆಂಪು ಹಗ್ಗ ಇದೆ. ಏಳು ವರ್ಷದಲ್ಲಿ ಹನ್ನೊಂದು ಜನ ನಿದ್ದೆಬಡುಕರನ್ನು, ಒಬ್ಬಳು ಗರ್ಭಿಣಿಯನ್ನು ಇಳಿಸಿದ್ದಾರೆ. ಮೇಕೆಗಳಿಗೆ ಲೆಕ್ಕವಿಲ್ಲ. ಕೆಂಪು ಹಗ್ಗವನ್ನು ಒಮ್ಮೆಯೂ ಮುಟ್ಟಿಲ್ಲ, ಅದರ ಬಗ್ಗೆ ಅವರಿಗೆ ಸ್ವಲ್ಪ ಜಂಭ.

ದಿನ ತಿಳಿಸಲು ಮರೆಯಬೇಡ. ಹಠಾತ್ತನೆ ಕಳಿಸಿಬಿಡಬೇಡ.

ನಿನ್ನ ತಂಗಿ,
ತೆಕ್ಬೆರ್


ಜುವೇರಾತ್
೧೯ ಫೆಬ್ರವರಿ ೧೯೮೮

ತಂಗಿ,

ನಿನ್ನ ಕಾಗದ ಈಗ ಕೈಸೇರಿತು. ಅಪ್ಪ ಹೊರಟು ಒಂದು ಗಂಟೆಯಾಯಿತು. ಬೈಯಬೇಡ. ನಾಳಿದ್ದು ಹೋಗುವಿರಂತೆ, ಮೊದಲು ತಂಗಿಗೆ ಬರೆಯುತ್ತೇನೆ ಎಂದು ಬೆಳಿಗ್ಗೆಯೂ ಹೇಳಿದ್ದೆ. ಮಧ್ಯಾಹ್ನ ಪಾಳಿ ಮುಗಿಸಿ ಬಂದರೆ ಡೇರೆ ಖಾಲಿ. ತುಪ್ಪದ ಚೀಲ, ಖರ್ಜೂರದ ಗಂಟು, ಕೆಟಲು ಎಲ್ಲ ತೆಗೆದುಕೊಂಡು ನಡುವಿನ ಯಾವುದೋ ಬೋಗಿ ಹತ್ತಿದರಂತೆ. ಮಗಳ ಮನೆಗೆ ಹೋಗಲು ಕಾಗದ ಯಾಕೆ ಎಂದರಂತೆ. ಈ ಕಾಗದಕ್ಕಿಂತ ಮೊದಲೇ ಅವರು ನಿನ್ನ ಮನೆಯಲ್ಲಿರುತ್ತಾರೆ, ಆದರೂ ಮನಸ್ಸು ತಡೆಯದೆ ಬರೆಯುತ್ತಿದ್ದೇನೆ.

ದೀಪಗಳಿರುವ ಕಡೆ ಇಳಿಯಿರಿ, ಬಂದರಿನವರೆಗೆ ಹೋಗಬೇಡಿ ಎಂದು ಹತ್ತು ಸಲ ಹೇಳಿದ್ದೇನೆ. ತಲೆಯಾಡಿಸಿದ್ದಾರೆ. ನನ್ನ ಮಾತಿಗೆ ಅವರು ತಲೆಯಾಡಿಸುವುದು ನಿನಗೆ ಗೊತ್ತೇ ಇದೆ.

ಇನ್ನು ನೀನು ಕೇಳಿದ್ದು. ‘ಆ ಮನುಷ್ಯ ಸರಿ ಅನ್ನದೆ ನಮ್ಮ ಗುಡ್ಡದ ಒಂದು ಕಲ್ಲೂ ಹಡಗು ಹತ್ತುವುದಿಲ್ಲ’ ಎಂದಿದ್ದೆ. ಅಷ್ಟೇ. ಮೇಜು ಕುರ್ಚಿಯನ್ನೆಲ್ಲ ಅಪ್ಪ ಅವರೇ ಊಹಿಸಿಕೊಂಡದ್ದು. ನೀನು ಆಗ ದಿನಕ್ಕೆ ಮೂರು ಸಲ ಅಳುತ್ತಿದ್ದೆ, ಒಂಟೆಯಿಲ್ಲದವನಿಗೆ ಮಗಳನ್ನು ಕೊಡುವುದಿಲ್ಲ ಎಂದು ಅವರು ಕೂತಿದ್ದರು. ನಾನು ಇನ್ನೇನು ಹೇಳಬೇಕಿತ್ತು?

ತಲುಪಿದರೆಂದು ಕೂಡಲೇ ಬರೆ.

ಇಸೆಲ್ಮು


ನುವಾದಿಬು
೨೩ ಫೆಬ್ರವರಿ ೧೯೮೮

ಅಣ್ಣ,

ಅಪ್ಪ ತಲುಪಿದ್ದಾರೆ. ಕ್ಷೇಮ. ಮೊಣಕೈ ಸ್ವಲ್ಪ ತರಚಿದೆ.

ದೆಂಬಾನೇ ಕರೆತಂದು ಬಿಟ್ಟ. ಮುಖ, ಗಡ್ಡ, ರುಮಾಲು ಎಲ್ಲ ಅದಿರಿನ ಪುಡಿ ಮೆತ್ತಿ ಅಪ್ಪನ ಗುರುತೇ ಸಿಗಲಿಲ್ಲ. ಕೆಟಲನ್ನು ಎದೆಗವಚಿಕೊಂಡಿದ್ದರು. ನೀರು ಕೊಟ್ಟೆ, ಕುಡಿದರು. ಮಗುವನ್ನು ತೊಡೆಯ ಮೇಲಿಟ್ಟೆ. ‘ನೆನ್ನಾ’ ಎಂದು ಒಮ್ಮೆ ಕರೆದು ಅಳಲು ಶುರುಮಾಡಿದರು. ಅಮ್ಮ ತೀರಿಕೊಂಡಾಗಲೂ ಅವರು ನಮ್ಮೆದುರು ಅತ್ತಿರಲಿಲ್ಲ.

ಪ್ರಯಾಣ ಹೇಗಿತ್ತು ಎಂದರೆ ಮಗುವಿನ ಕಡೆ ತಿರುಗುತ್ತಾರೆ. ಬಂದರಿನ ಸೈರನ್ ಕೂಗಿದರೆ ಬೆಚ್ಚಿಬೀಳುತ್ತಾರೆ. ಆಯಾಸ ಇರಬೇಕು.

ಇವರು ದೆಂಬಾನ ಮನೆಯಲ್ಲಿದ್ದಾರೆ. ಕೆಲವು ದಿನ ರಜೆ. ಬೇರೆ ವಿಶೇಷವಿಲ್ಲ.

ತೆಕ್ಬೆರ್


ಜುವೇರಾತ್
೧ ಮಾರ್ಚ್ ೧೯೮೮

ತಂಗಿ,

ಅಪ್ಪ ತಲುಪಿದ್ದು ಓದಿ ಎದೆ ಹಗುರಾಯಿತು. ಸೈರನ್ನಿಗೆ ಬೆಚ್ಚುವುದು ದೊಡ್ಡದಲ್ಲ, ಇಲ್ಲಿ ನಾವು ಗುಡ್ಡ ಸಿಡಿಸುವಾಗಲೂ ಹಾಗೆಯೇ ಮಾಡುತ್ತಾರೆ, ಬೆಚ್ಚಿದ ಮೇಲೆ ನನ್ನನ್ನು ಬೈಯುತ್ತಾರೆ. ನಿನ್ನನ್ನು ಇನ್ನೂ ಬೈದಿಲ್ಲವೆಂದರೆ ಮೊಮ್ಮಗಳ ಪುಣ್ಯ. ಭಾವನಿಗೆ ರಜೆ ಸಿಕ್ಕಿದ್ದು ಕೇಳಿ ಹೊಟ್ಟೆಕಿಚ್ಚಾಯಿತು. ಮಾವ ಬಂದರೆ ರಜೆ ಕೊಡುತ್ತಾರೆ ಎಂದಾದರೆ ನಾನೂ ನನ್ನ ಮಾವನಿಗೆ ಹೇಳಿ ಕಳಿಸುತ್ತೇನೆ.

ಅದಿರಲಿ, ನಿಮ್ಮ ಬಂದರಿನಲ್ಲಿ ಅದ್ಯಾವ ಕತ್ತೆಯನ್ನು ಕೆಲಸಕ್ಕೆ ಇಟ್ಟುಕೊಂಡಿದ್ದಾರೆ? ಅಪ್ಪ ತಲುಪಿದ ದಿನವೇ ಇರಬೇಕು, ಯಾವನೋ ಹಸಿರು ಬಾವುಟ ಎತ್ತಿ, ಮರುಕ್ಷಣವೇ ಕೆಂಪು ಹಗ್ಗ ಎಳೆದನಂತೆ. ಯಂತ್ರದ ಹಲ್ಲು ಕಚ್ಚಿಕೊಂಡು ಇಡೀ ದಿನ ಬೋಗಿ ಮಗುಚಲಿಲ್ಲವಂತೆ. ರೈಲಿನ ಗಾರ್ಡ್ ಬಂದು ಹೇಳಿದ. ಅಲ್ಲಿ ನಿಂತದ್ದು ಇಲ್ಲಿ ನಮಗೆ ತಗುಲಿತು. ಖಾಲಿ ಬೋಗಿ ಬರದೆ ನಮ್ಮ ಯಂತ್ರಗಳೆಲ್ಲ ಸುಮ್ಮನೆ ಕೂತವು. ನೀರಿನ ಟ್ಯಾಂಕು ಬರಲಿಲ್ಲ. ದಾರಿಯುದ್ದಕ್ಕೂ ಹಳಿಯ ಪಕ್ಕದ ಡೇರೆಗಳವರು ಡಬ್ಬ ಹಿಡಿದು ಬಿಸಿಲಲ್ಲಿ ನಿಂತೇ ಇದ್ದರಂತೆ. ಇಲ್ಲಿಯ ಅಂಗಡಿಯಲ್ಲಿ ಹಿಟ್ಟು, ಸಕ್ಕರೆ, ಚಹಾಪುಡಿ ಎರಡು ದಿನ ಸಿಗಲಿಲ್ಲ. ಆಸ್ಪತ್ರೆಗೆ ಬರಬೇಕಿದ್ದ ಔಷಧವೂ ಅದೇ ರೈಲಿನಲ್ಲಿ. ಒಂದು ಹಳಿಯ ಮೇಲೆ ಒಂದು ದೇಶ ನಿಂತಿದೆ ಎಂದು ನಮ್ಮ ಮೇಸ್ತ್ರಿ ಆಗಾಗ ಹೇಳುವುದನ್ನು ನಾವು ಭಾಷಣ ಎಂದುಕೊಂಡಿದ್ದೆವು. ಚಹಾ ಇಲ್ಲದ ಎರಡನೆಯ ದಿನ ಯಾರೂ ನಗಲಿಲ್ಲ.

ಅಂಥವನನ್ನು ಒಂಟೆ ಎಣಿಸಲು ಕಳಿಸಬೇಕು ಎಂದು ಇಲ್ಲಿ ಎಲ್ಲರೂ ಶಾಪ ಹಾಕುತ್ತಿದ್ದಾರೆ, ನಾನೂ ಹಾಕಿದೆ. ಯಾರವನು ಎಂದು ಭಾವನನ್ನು ಕೇಳಿ ಬರೆ.

ಇಸೆಲ್ಮು


ನುವಾದಿಬು
೬ ಮಾರ್ಚ್ ೧೯೮೮

ಅಣ್ಣ,

ಆ ಕತ್ತೆ ನಿನ್ನ ಭಾವ.

ರಜೆ ಎಂದು ನಾನು ಬರೆದದ್ದು ಸುಳ್ಳು. ಅವರನ್ನು ಕೆಲಸದಿಂದ ನಿಲ್ಲಿಸಿದ್ದಾರೆ. ಹದಿನಾಲ್ಕನೆಯ ತಾರೀಖು ವಿಚಾರಣೆ. ಕೆಲಸ ಹೋದರೆ ಕಂಪನಿಯ ಈ ಮನೆಯೂ ಹೋಗುತ್ತದೆ.

ನಡೆದದ್ದನ್ನು ದೆಂಬಾ ಹೇಳಿದಷ್ಟು ಬರೆಯುತ್ತೇನೆ. ಅಪ್ಪ ಊರಿನ ನಿಲುಗಡೆಯಲ್ಲಿ ಇಳಿಯಲಿಲ್ಲ. ನಿದ್ದೆ ಹೋಗಿದ್ದರಂತೆ. ರೈಲು ಬಂದರಿಗೇ ಬಂದಿದೆ. ಬೆಳಿಗ್ಗೆ ಇವರು ಎಂದಿನ ಹಾಗೆ ಕೂಗುತ್ತ, ಹತ್ತುತ್ತ, ಇಳಿಯುತ್ತ ಬಂದಿದ್ದಾರೆ. ಒಂದು ಬೋಗಿಯಿಂದ ಇಳಿದು ಹಸಿರು ಬಾವುಟ ಎತ್ತಿದ್ದಾರೆ. ಬೋಗಿ ಯಂತ್ರದೊಳಕ್ಕೆ ಹೋಗಿದೆ. ಅಷ್ಟರಲ್ಲಿ ಇವರು ಹುಚ್ಚು ಹಿಡಿದವರ ಹಾಗೆ ಓಡಿ ಕೆಂಪು ಹಗ್ಗಕ್ಕೆ ಜೋತುಬಿದ್ದಿದ್ದಾರೆ. ದೆಂಬಾ ಹತ್ತಿ ನೋಡಿದರೆ, ವಾಲಿದ ಬೋಗಿಯಲ್ಲಿ ಒಬ್ಬ ಮುದುಕ ಕೆಟಲು ಹಿಡಿದು ಕೂತಿದ್ದಾನೆ. ಅಣ್ಣ, ಯಂತ್ರ ಇನ್ನೆರಡು ಉಸಿರು ತಿರುಗಿದ್ದರೆ ಅಪ್ಪ ಇವತ್ತು ಯಾವುದೋ ದೇಶಕ್ಕೆ ಹೋಗುವ ಹಡಗಿನ ತಳದಲ್ಲಿರುತ್ತಿದ್ದರು.

ಆ ಮುದುಕ ಯಾರು ಎಂದು ಇವರು ಕಚೇರಿಯಲ್ಲಿ ಹೇಳಿಲ್ಲ. ಯಾರೋ ಪ್ರಯಾಣಿಕ ಎಂದಷ್ಟೇ ಬರೆದುಕೊಂಡಿದ್ದಾರೆ. ಯಾಕೆ ಬಾವುಟ ಎತ್ತಿದೆ ಎಂದರೆ ‘ನನ್ನ ತಪ್ಪು’ ಎನ್ನುತ್ತಾರೆ. ಯಾಕೆ ಹಗ್ಗ ಎಳೆದೆ ಎಂದರೂ ‘ನನ್ನ ತಪ್ಪು’. ನಾನು ದೆಂಬಾನ ಕೈಲಿ ಹೇಳಿ ಕಳಿಸಿದೆ, ನನಗಾದರೂ ನಿಜ ಹೇಳಿ ಎಂದು. ‘ಕಾಣಲಿಲ್ಲ’ ಎಂದು ಉತ್ತರ ಬಂತು. ಕಾಣದಿದ್ದರೆ ಹಗ್ಗ ಎಳೆದದ್ದು ಯಾಕೆ? ಕಂಡಿದ್ದರೆ ಬಾವುಟ ಎತ್ತಿದ್ದು ಯಾಕೆ? ಏಳು ವರ್ಷ ಒಂದು ಮೇಕೆಮರಿಯನ್ನೂ ಬಿಡದ ಮನುಷ್ಯ ನನ್ನ ಅಪ್ಪನನ್ನೇ ನೋಡದೆ ಹೋದರೇ? ಒಮ್ಮೊಮ್ಮೆ ಅವರ ಮೇಲೆ ಎಷ್ಟು ಸಿಟ್ಟು ಬರುತ್ತದೆ ಎಂದರೆ, ಅವರ ಊಟದ ಡಬ್ಬಿಗೆ ಉಪ್ಪು ಹಾಕದೆ ಕಳಿಸುತ್ತೇನೆ.

ಇದರಿಂದ ಅಳಿಯನ ಕೆಲಸಕ್ಕೆ ಕುತ್ತು ಬಂದದ್ದು ಅಪ್ಪನಿಗೆ ಗೊತ್ತಿಲ್ಲ ಎಂದುಕೊಂಡಿದ್ದೇನೆ. ಅಪ್ಪನೆದುರು ಗಂಡನ ಮಾತೆತ್ತುವುದು ಹೇಗೆ? ಅಪ್ಪ ಅಳಿಯನ ಹೆಸರು ಹೇಳುವ ಹಾಗಿಲ್ಲ, ನಾನು ಅಪ್ಪನೆದುರು ಅವರ ಹೆಸರು ಹೇಳುವ ಹಾಗಿಲ್ಲ. ಮನೆಯಲ್ಲಿ ಬಾಯಿಬಿಟ್ಟು ಮಾತಾಡಬಹುದಾದವಳು ನೆನ್ನಾ ಒಬ್ಬಳೇ, ಅವಳಿಗೆ ಮಾತು ಬರುವುದಿಲ್ಲ.

ನಾನೇನು ಮಾಡಲಿ, ಬೇಗ ಬರೆ.

ತೆಕ್ಬೆರ್


ಜುವೇರಾತ್
೧೦ ಮಾರ್ಚ್ ೧೯೮೮

ತಂಗಿ,

ಕತ್ತೆ ನಾನು. ಹಾಕಿದ ಶಾಪವನ್ನೆಲ್ಲ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ರಜೆ ಕೇಳಿದೆ, ಸಿಗಲಿಲ್ಲ. ಕೆಲಸ ನಿಂತ ಎರಡು ದಿನದ ಕೊರತೆ ತುಂಬಿಸಲು ಹಗಲೂ ಇರುಳೂ ಕೊರೆಸುತ್ತಿದ್ದಾರೆ. ಗಾರ್ಡ್ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ.

ಭಾವನ ಮೇಲೆ ಸಿಟ್ಟು ಬೇಡ. ಊಟಕ್ಕೆ ಉಪ್ಪು ಹಾಕು. ನಿನ್ನ ಕಾಗದವನ್ನು ನಾಲ್ಕು ಸಲ ಓದಿದ ಮೇಲೆ ನನಗೆ ಒಂದು ನೆನಪಾಯಿತು. ಹೋದ ವರ್ಷ ನಾನು ಅಂಗಡಿಯಲ್ಲಿ ಚಹಾಪುಡಿ ಕೊಳ್ಳುತ್ತಿದ್ದೆ. ನನ್ನ ಮಾವ ಒಳಗೆ ಬಂದರು. ನಾನು ಏನು ಮಾಡಿದೆ ಗೊತ್ತೇ? ಹಿಟ್ಟಿನ ಮೂಟೆಗಳ ಹಿಂದೆ ಕುಕ್ಕರಗಾಲಲ್ಲಿ ಕೂತೆ. ಅವರು ಅಂಗಡಿಯವನ ಜೊತೆ ಒಂದು ಗಂಟೆ ಹರಟಿದರು, ನಾನು ಒಂದು ಗಂಟೆ ಉಸಿರು ಬಿಗಿಹಿಡಿದೆ. ನಾನು ಅಲ್ಲಿದ್ದೇನೆಂದು ಅವರಿಗೂ ಗೊತ್ತಿತ್ತು. ಹೊರಗೆ ಹೋಗುವಾಗ ಮುಖವನ್ನು ಬೇಕೆಂದೇ ಬಾಗಿಲ ಕಡೆ ಇಟ್ಟುಕೊಂಡು ಹೋದರು. ಮೂಟೆಯ ಮೇಲೆ ನನ್ನ ರುಮಾಲಿನ ತುದಿ ಜೋತಾಡುತ್ತಿತ್ತಂತೆ.

ಅಪ್ಪ ನಿದ್ದೆಯಲ್ಲಿರಲಿಲ್ಲ, ತಂಗಿ. ಮೂರು ಸಲ ಕೂಗಿದರೂ ಏಳದ ನಿದ್ದೆ ಅವರಿಗೆ ಯಾವತ್ತು ಬಂದಿದೆ, ಮೇಕೆ ಕೆಮ್ಮಿದರೆ ಏಳುವವರು. ಕೂಗಿದವರು ಯಾರೆಂದು ಗೊತ್ತಾಗಿ ಅಡಗಿಕೊಂಡಿರಬೇಕು. ಭಾವನೂ ಕಂಡಿರಬೇಕು, ಕಂಡು ಮುಖ ತಿರುಗಿಸಿರಬೇಕು. ಇವರಿಬ್ಬರ ನಾಚಿಕೆಯ ನಡುವೆ ಒಂದು ಯಂತ್ರ ಸಿಕ್ಕಿಕೊಂಡಿತು, ಅದಕ್ಕೆ ಮಾವನೂ ಇಲ್ಲ ಅಳಿಯನೂ ಇಲ್ಲ. ಬಾವುಟದ ಸಂಗತಿ ಮಾತ್ರ ನನಗೂ ತಿಳಿಯುತ್ತಿಲ್ಲ.

ಭಾವ ಬಾಯಿ ಬಿಡುವುದಿಲ್ಲ. ಬಿಟ್ಟರೆ ಮಾವ ಅಳಿಯನನ್ನು ಕಂಡು ಕಲ್ಲಿನೊಳಗೆ ಹೂತುಕೊಂಡರು ಎಂದು ಇಡೀ ಬಂದರು ನಗುತ್ತದೆ. ಅದಕ್ಕಿಂತ ಕೆಲಸ ಹೋಗುವುದು ಅವರಿಗೆ ವಾಸಿ. ಹೇಳಬೇಕಾದವರು ಅಪ್ಪ. ನೀನು ಗಂಡನ ಮಾತು ಎತ್ತಬೇಡ. ಈ ಕಾಗದವನ್ನು ಅಪ್ಪನ ಪಕ್ಕದಲ್ಲಿ ಕೂತು, ಮಗುವಿಗೆ ಓದಿ ಹೇಳುವ ಹಾಗೆ ಗಟ್ಟಿಯಾಗಿ ಓದು. ನೆನ್ನಾಗೆ ಅವಳ ಅಪ್ಪನ ವಿಷಯ ಕೇಳಲು ಯಾವ ಅಡ್ಡಿಯೂ ಇಲ್ಲ.

ಇಸೆಲ್ಮು


ನುವಾದಿಬು
೧೫ ಮಾರ್ಚ್ ೧೯೮೮

ಅಣ್ಣ, ನನ್ನಣ್ಣ,

ಮೊದಲು ಸುದ್ದಿ: ಕೆಲಸ ಉಳಿಯಿತು. ನಾನು ನಿನ್ನೆಯಿಂದ ಅಳುತ್ತಲೂ ಇದ್ದೇನೆ, ನಗುತ್ತಲೂ ಇದ್ದೇನೆ, ಮಗು ನನ್ನ ಮುಖವನ್ನೇ ನೋಡುತ್ತಿದೆ. ಇನ್ನು ಸಾವಧಾನವಾಗಿ ಹೇಳುತ್ತೇನೆ.

ನೀನು ಹೇಳಿದ ಹಾಗೆಯೇ ಮಾಡಿದೆ. ಹದಿಮೂರನೆಯ ತಾರೀಖು ಮಧ್ಯಾಹ್ನ ಅಪ್ಪ ಚಹಾ ಕಾಯಿಸುತ್ತಿದ್ದರು. ನಾನು ನೆನ್ನಾಳನ್ನು ಮಡಿಲಲ್ಲಿ ಕೂರಿಸಿಕೊಂಡು ನಿನ್ನ ಕಾಗದ ಓದಿದೆ. ‘ಕೆಲಸ ಹೋಗುವುದು ವಾಸಿ’ ಎಂಬಲ್ಲಿಗೆ ಬಂದಾಗ ಅಪ್ಪನ ಕೈ ಗಾಳಿಯಲ್ಲೇ ನಿಂತಿತು. ಚಹಾ ಲೋಟ ತುಂಬಿ ಚಾಪೆಯ ಮೇಲೆ ಹರಿಯಿತು. ಎರಡನೆಯ ಲೋಟ, ಮೂರನೆಯ ಲೋಟ ಎರಡೂ ಮಾಡಿ ಕುಡಿದರು. ಆಮೇಲೆ, ನಾಳೆ ಬೆಳಿಗ್ಗೆ ನೀಲಿ ನಿಲುವಂಗಿ ತೆಗೆದಿಡು ಎಂದರು.

ನಿನ್ನೆ ಬೆಳಿಗ್ಗೆ ಬಂದರಿನ ಕಚೇರಿಗೆ ಕರೆದುಕೊಂಡು ಹೋಗು ಎಂದು ಕೋಲು ಹಿಡಿದು ನಿಂತರು. ಮಗುವನ್ನೂ ಎತ್ತಿಕೊಂಡು ಹೋದೆ. ಕೋಣೆಯಲ್ಲಿ ಮೂವರು ಅಧಿಕಾರಿಗಳು, ಗೋಡೆಯ ಹತ್ತಿರ ದೆಂಬಾ, ನಡುವೆ ಇವರು. ಬಾಗಿಲಲ್ಲಿ ಅಪ್ಪನನ್ನು ಕಂಡದ್ದೇ ಇವರು ರುಮಾಲನ್ನು ಕಣ್ಣಿನವರೆಗೆ ಎಳೆದುಕೊಂಡು ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು. ಕಿಟಕಿ ದೊಡ್ಡದಿದ್ದಿದ್ದರೆ ಹಾರಿಬಿಡುತ್ತಿದ್ದರು. ಅಪ್ಪ ಹೊಸ್ತಿಲಲ್ಲಿ ನಿಂತರು. ಒಳಗೆ ಬರುತ್ತಾರೋ ಹಿಂದಕ್ಕೆ ಹೋಗುತ್ತಾರೋ ನನಗೆ ಗೊತ್ತಾಗಲಿಲ್ಲ.

“ಹೈಬಲ್ಲ, ಈ ಕಡೆ ತಿರುಗಪ್ಪ” ಎಂದರು.

ಅಣ್ಣ, ಅಪ್ಪನ ಬಾಯಲ್ಲಿ ಇವರ ಹೆಸರು! ಇವರು ತಿರುಗಿದರು. ತಲೆ ಎತ್ತಲಿಲ್ಲ, ಆದರೆ ತಿರುಗಿದರು. ಇವರ ಕಣ್ಣಲ್ಲಿ ನೀರು ಇತ್ತು.

ಅಪ್ಪ ಅಧಿಕಾರಿಗಳಿಗೆ ಎಲ್ಲವನ್ನೂ ಹೇಳಿದರು. ಊರಿನ ನಿಲುಗಡೆಯಲ್ಲಿ ಗಾಳಿಗೆ ಹೆದರಿ ಕಂಬಳಿ ಹೊದ್ದು ಮಲಗಿದ್ದು ನಿಜ. ಬಂದರಿನಲ್ಲಿ ಎಚ್ಚರವಾಯಿತು. ದೂರದಿಂದ ಕೂಗು ಕೇಳಿಸಿತು. ಆ ದನಿಯನ್ನು ಮದುವೆಯ ದಿನ ಡೇರೆಯ ಆಚೆಯಿಂದ ಕೇಳಿದ್ದರಂತೆ, ಮರೆತಿರಲಿಲ್ಲ. ಅಳಿಯ ಅಧಿಕಾರಿಯಲ್ಲವೇ, ಇಲ್ಲಿ ರೈಲಿನ ಪಕ್ಕ ಯಾಕೆ ಕೂಗುತ್ತಿದ್ದಾನೆ ಎಂದು ಗಾಬರಿಯಾಯಿತಂತೆ. ಮಾವನಾದವನು ಮೈತುಂಬ ಧೂಳು ಮೆತ್ತಿಕೊಂಡು ಅಳಿಯನ ಕೈ ಹಿಡಿದು ಇಳಿಯುವುದೇ? ಅದಿರನ್ನು ಮೈಮೇಲೆ ಎಳೆದುಕೊಂಡು ಮಲಗಿದರು.

“ಮೂರು ಸಲ ಕೂಗ್ದ. ಮೂರು ಸಲಾನೂ ಕೇಳಿಸ್ತು. ನಾನು ಉತ್ರ ಕೊಡ್ಲಿಲ್ಲ. ಮೇಲೆ ಹತ್ತಿ ನೋಡ್ದ, ಕಣ್ಣು ಕಣ್ಣು ಸೇರ್ತು. ಒಳ್ಳೆ ಮನೇಲಿ ಬೆಳೆದೋನು, ತಕ್ಷಣ ಕೈಯಿಂದ ಮುಖ ಮುಚ್ಕೊಂಡು ಇಳಿದ. ಆ ಕೈಲಿ ಬಾವುಟ ಇತ್ತು.”

ಇಷ್ಟೇ ಆಗಿತ್ತು ಅಣ್ಣ. ದೆಂಬಾನನ್ನು ಕಳಿಸಿ ಇಳಿಸೋಣ ಎಂದುಕೊಂಡು ಇಳಿದಿದ್ದಾರೆ. ಮಾವನ ಎದುರು ಮುಖ ಮುಚ್ಚಿಕೊಳ್ಳಲು ಎತ್ತಿದ ಕೈಯಲ್ಲಿ ಹಸಿರು ಬಾವುಟ ಇತ್ತು, ಗಾಜಿನ ಕೋಣೆಯವನು ಅದನ್ನೇ ನೋಡಿ ಬೋಗಿ ಎಳೆದಿದ್ದಾನೆ. ಇದನ್ನು ಇವರು ಯಾವ ಬಾಯಲ್ಲಿ ಹೇಳುತ್ತಿದ್ದರು?

ದೊಡ್ಡ ಅಧಿಕಾರಿ ಪೆನ್ನು ಕೆಳಗಿಟ್ಟ. ನಮ್ಮವನೇ, ಪೂರ್ವದ ಕಡೆಯವನು. ಮೇಜನ್ನು ತಟ್ಟಿ ಹೇಳಿದ: “ಹೋದ ವಾರ ನಮ್ಮ ಮಾವ ಬಂದಿದ್ರು. ನಾನು ಮೂರು ದಿನ ಇದೇ ಮೇಜಿನ ಮೇಲೆ ಮಲಗಿದ್ದೆ.” ದೆಂಬಾ ಮೊದಲು ನಕ್ಕ. ಆಮೇಲೆ ಉಳಿದವರೂ ನಕ್ಕರು. ಇವರು ಮತ್ತು ಅಪ್ಪ ಮಾತ್ರ ನೆಲ ನೋಡುತ್ತಿದ್ದರು.

ಬಾವುಟವನ್ನು ಇನ್ನು ಮೇಲೆ ಕೈಯಲ್ಲಿ ಹಿಡಿದು ಏಣಿ ಹತ್ತಬಾರದು, ಕೆಳಗೆ ಕಂಬಕ್ಕೆ ಸಿಕ್ಕಿಸಿ ಹತ್ತಬೇಕು ಎಂದು ಹೊಸ ನಿಯಮ ಬರೆದರು. ಒಂದು ಎಚ್ಚರಿಕೆ ಪತ್ರ ಕೊಟ್ಟರು. ಹಗ್ಗ ಎಳೆದದ್ದಕ್ಕೆ ಒಂದು ಮೆಚ್ಚುಗೆಯ ಪತ್ರವನ್ನೂ ಕೊಟ್ಟರು. ಇವರು ಎರಡನ್ನೂ ಒಂದೇ ಜೇಬಿನಲ್ಲಿ ಇಟ್ಟುಕೊಂಡಿದ್ದಾರೆ.

ಹೊರಗೆ ಬಂದ ಮೇಲೆ ಅಪ್ಪ ಆ ಯಂತ್ರ ನೋಡಬೇಕು ಎಂದರು. ದೆಂಬಾ ದೂರದಿಂದ ತೋರಿಸಿದ. ಬೋಗಿ ತಿರುಗಿತು, ಕೆಂಪು ಮೋಡ ಎದ್ದಿತು, ಅದಿರು ಸಾಗಿಸುವ ಓಡುಪಟ್ಟಿಯ ಮೇಲೆ ನಮ್ಮ ಗುಡ್ಡ ಹಡಗಿನ ಕಡೆ ಹೋಯಿತು. ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು. ಕರಗಿಸುತ್ತಾರೆ, ಸೇತುವೆ ಆಗುತ್ತೆ, ಲಾರಿ ಆಗುತ್ತೆ, ಹೊಲಿಗೆ ಯಂತ್ರ ಆಗುತ್ತೆ, ಆಸ್ಪತ್ರೆಯ ಮಂಚ ಆಗುತ್ತೆ, ಒಂದಷ್ಟು ಕೆಟಲಾಗಿ ನಿಮ್ಮ ಹತ್ತಿರಾನೇ ವಾಪಸ್ ಬರುತ್ತೆ ಎಂದು ದೆಂಬಾ ತನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದ. ಅಪ್ಪ ಕೇಳಿಸಿಕೊಂಡರೋ ಇಲ್ಲವೋ. ಅವರ ಕಣ್ಣು ಯಂತ್ರದ ಮೇಲಿರಲಿಲ್ಲ. ರೈಲಿನ ಆ ತುದಿಯಲ್ಲಿ ಇವರು ಬಾವುಟ ಕಂಬಕ್ಕೆ ಸಿಕ್ಕಿಸಿ ಮೊದಲ ಬೋಗಿಯ ಏಣಿ ಹತ್ತುತ್ತಿದ್ದರು. ಅಪ್ಪ ನೋಡುತ್ತಿದ್ದರು, ನಾನು ಪಕ್ಕದಲ್ಲಿದ್ದೇನೆ ಎಂಬುದನ್ನು ಮರೆತು ನೋಡುತ್ತಿದ್ದರು.

ಇವರು ಈಗಲೂ ದೆಂಬಾನ ಮನೆಯಲ್ಲೇ ಮಲಗುತ್ತಾರೆ. ಮಾವ ಅಳಿಯ ಮತ್ತೆ ಮುಖ ನೋಡಿಲ್ಲ. ಎಲ್ಲ ಹೇಗಿರಬೇಕೋ ಹಾಗೆಯೇ ಇದೆ. ನಿನ್ನೆಯ ಊಟಕ್ಕೆ ಉಪ್ಪು ಎರಡು ಪಟ್ಟು ಬಿತ್ತಂತೆ.

ನಿನ್ನ ತಂಗಿ,
ತೆಕ್ಬೆರ್


ಜುವೇರಾತ್
೫ ಏಪ್ರಿಲ್ ೧೯೮೮

ತಂಗಿ,

ಅಪ್ಪ ಮೊನ್ನೆ ತಲುಪಿದರು. ಪ್ಯಾಸೆಂಜರ್ ಬೋಗಿಯಲ್ಲಿ ಬಂದರು ಎಂದರೆ ನಂಬುತ್ತೀಯಾ? ಆಕಾಶದ ವಿಷಯ ಕೇಳಿದೆ. ಕಿಟಕಿಯಲ್ಲಿ ಸಾಕಷ್ಟು ಕಾಣಿಸಿತಂತೆ. ಮೈಯಲ್ಲಿ ಮೀನಿನ ವಾಸನೆ ಇತ್ತು, ನಾನು ಏನೂ ಕೇಳಲಿಲ್ಲ.

ಇವತ್ತು ನನ್ನನ್ನು ಕೂರಿಸಿ ಕಾಗದ ಬರೆ ಎಂದರು. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಇಳಿಸುತ್ತೇನೆ, ಒಂದು ಅಕ್ಷರ ಬದಲಾಯಿಸಿದರೆ ಕೋಲು ತೆಗೆದುಕೊಳ್ಳುತ್ತಾರಂತೆ.

“ತೆಕ್ಬೆರ್, ಇದು ನಿಂಗೆ ಬರೆಸ್ತಿರೋದು. ಆದ್ರೆ ಗಟ್ಟಿಯಾಗಿ ಓದು, ನೆನ್ನಾಗೆ ಕೇಳ್ಬೇಕು. ಗೋಡೆ ಆಚೆ ಯಾರಾದ್ರೂ ನಿಂತಿದ್ರೆ ಅವ್ರಿಗೂ ಕೇಳಿಸ್ಲಿ, ಅದಕ್ಕೆ ನಾನು ಜವಾಬ್ದಾರ ಅಲ್ಲ. ಒಂದು ಸಲ ಹೆಸರು ಹಿಡಿದು ಕರೆದಿದ್ದೀನಿ. ಮತ್ತೆ ಕರೆಯಲ್ಲ.

ಇಲ್ಲಿಗೆ ಬಂದ ಮೇಲೆ ಗುಡ್ಡ ನೋಡ್ದೆ. ಕಮ್ಮಿ ಆಗ್ತಾನೇ ಇದೆ. ನಂಗೆ ಈಗ್ಲೂ ಇಷ್ಟ ಇಲ್ಲ. ಆದ್ರೆ ಎಲ್ಲಿಗೆ ಹೋಗುತ್ತೆ ಅಂತ ನೋಡಿ ಬಂದಿದ್ದೀನಿ, ಅದು ಹೋಗೋ ಬಾಗಿಲಲ್ಲಿ ಯಾರು ನಿಂತಿದಾರೆ ಅಂತಾನೂ ನೋಡಿ ಬಂದಿದ್ದೀನಿ. ನಿಮ್ಮಣ್ಣ ಮದುವೇಲಿ ನಂಗೆ ಹೇಳಿದ್ದ, ಆ ಮನುಷ್ಯ ಸರಿ ಅನ್ದೆ ಒಂದು ಕಲ್ಲೂ ಹಡಗು ಹತ್ತಲ್ಲ ಅಂತ. ಬಂದರಲ್ಲಿ ಕೂಗೋ ದನಿ ಕೇಳ್ದಾಗ, ಇವ್ನು ಸುಳ್ಳು ಹೇಳಿ ನನ್ನ ಮಗಳನ್ನ ಕೊಡಿಸ್ಬಿಟ್ಟ ಅನ್ಕೊಂಡೆ. ಸುಳ್ಳಲ್ಲ. ಅಷ್ಟು ದೊಡ್ಡ ಗುಡ್ಡ, ಅಷ್ಟುದ್ದ ರೈಲು, ಆ ಹಡಗು, ಎಲ್ಲಾನೂ ಒಬ್ಬ ಮನುಷ್ಯ ಏಣಿ ಹತ್ತಿ ಇಣುಕಿ ನೋಡೋವರ್ಗೂ ಕಾಯುತ್ತೆ. ಆ ಕಬ್ಬಿಣದಲ್ಲಿ ಅದೆಷ್ಟು ದೇಶ ಬದುಕ್ತಾವೋ ನಂಗೊತ್ತಿಲ್ಲ. ಅದರೊಳಗೆ ಮನುಷ್ಯ ಸಿಕ್ಕೊಳ್ದಂಗೆ ನೋಡ್ಕೊಳೋದು ಆ ಕೆಲಸ. ಮೇಜು ಕುರ್ಚಿ ಇರೋರ್ ಯಾರೂ ಅದನ್ನ ಮಾಡ್ತಿರ್ಲಿಲ್ಲ.

ಕೆಟಲು ನಿಮ್ಮನೇಲೇ ಬಿಟ್ಟು ಬಂದಿದ್ದೀನಿ, ಮರೆತು ಅಲ್ಲ. ಮೂತಿ ಹತ್ರ ಸೊಟ್ಟಗಾಗಿದೆ, ಯಂತ್ರದಲ್ಲಿ ಆಗಿದ್ದು. ಚಹಾಕ್ಕೇನೂ ತೊಂದ್ರೆ ಇಲ್ಲ. ಕೈಯಿಂದ ಕೈಗೆ ಕೊಡೋ ಹಾಗಿರ್ಲಿಲ್ಲ, ಅದಕ್ಕೆ ಒಲೆ ಹತ್ರ ಇಟ್ಟೆ. ಯಾರಿಗೆ ಅಂತ ನಿಂಗೊತ್ತು.

ರಮದಾನ್ ಮುಗಿದ ಮೇಲೆ ಬರ್ತೀನಿ. ಅದಿರಿನ ಮೇಲೇ ಬರ್ತೀನಿ, ಈ ಮುಚ್ಚಿದ ಬೋಗಿಲಿ ಕಾಲು ನೋಯುತ್ತೆ. ನಿಲುಗಡೇಲಿ ಇಳೀದೆ ಹೋದ್ರೂ ಹೆದರ್ಬೇಡ. ಅವತ್ತು ಮೂರು ಸಲ ಕೂಗಿದ್ದಕ್ಕೆ ನಾನು ಉತ್ರ ಕೊಡ್ಲಿಲ್ಲ. ಆ ಉತ್ರ ಬಾಕಿ ಇಟ್ಕೊಂಡು ನಂಗೆ ನಿದ್ದೆ ಬರ್ತಿಲ್ಲ. ಈಗ ಹೇಳ್ತೀನಿ, ಗೋಡೆ ಆಚೆಗೆ ಕೇಳೋ ಹಾಗೆ ಓದು.

ಇದ್ದೀನಪ್ಪಾ. ಬೋಗಿಲಿ ನಾನಿದ್ದೀನಿ.”

ಇಷ್ಟು ಹೇಳಿ ಅಪ್ಪ ಹೊರಗೆ ಹೋದರು. ಒಂಟೆಗಳಿಗೆ ನೀರು ಹಿಡಿಯಬೇಕಂತೆ, ಟ್ಯಾಂಕು ಬಂದಿದೆ.

ಇಸೆಲ್ಮು